ನಾಲ್ಕು ತಿಂಗಳ ನಾಯಿಮರಿ ಸೋಫಾ ಕೆಳಗಿಂದ ಹೊರಗೇ ಬರ್ತಿಲ್ಲ (ಪುಣೆ)

ಮುಠಾತೀರ:
ಕರ್ವೆನಗರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಕಳೆದ ವಾರ ಒಂದು ನಾಟಿ ಹೆಣ್ಣುಮರಿ ತಂದಿದ್ದೀವಿ. ಊರಾಚೆಯ ಗೋಡೌನಿನಲ್ಲಿ ಹುಟ್ಟಿ ಅಲ್ಲೇ ಬೆಳೆದದ್ದು. ಟೈಲ್ಸ್, ಮಿಕ್ಸರ್, ಮಕ್ಕಳ ಗಲಾಟೆ ಏನೂ ಕಂಡಿಲ್ಲ. ಹಗಲೆಲ್ಲ ಸೋಫಾ ಕೆಳಗೆ, ಎಲ್ಲರೂ ಮಲಗಿದ ಮೇಲೆ ಬಂದು ತಿನ್ನುತ್ತೆ. ಹತ್ತಿರ ಹೋದರೆ ಕೂತಲ್ಲೇ ಉಚ್ಚೆ. ಪಾತ್ರೆ ತೊಳೆಯೋ ಮಾವಶಿ ಬೆಲ್ ಒತ್ತಿದರೆ ನಡುಕ. "ಎತ್ತಿ ತೊಡೆ ಮೇಲೆ ಕೂರಿಸ್ಕೊ, ರೂಢಿ ಆಗುತ್ತೆ" ಅಂತಾರೆ ಅತ್ತೆ. ಹಾಗೆ ಮಾಡಿದಾಗ ಅಲುಗಾಡದೆ ಸುಮ್ಮನೆ ಕೂರೋದೂ ನಿಜ. ಲಸಿಕೆ ಒಂದು ಡೋಸ್ ಆಗಿದೆ. ನದಿ ಪಕ್ಕ ಢೋಲ್ ಪಥಕಗಳ (ಗಣೇಶೋತ್ಸವದ ಡೋಲು ತಂಡಗಳ) ಪ್ರಾಕ್ಟೀಸ್ ಶುರುವಾಗೋ ಹೊತ್ತು ಬೇರೆ. ಎಲ್ಲಿಂದ ಶುರು ಮಾಡಲಿ?

ಬಾಲಬೋಧೆ:
ಅದು ರೂಢಿಯಾಗಿ ಕೂತಿದ್ದಲ್ಲ, ಹೆದರಿ ಮರಗಟ್ಟಿದ್ದು. ಕೆಳಗಿಳಿಸಿದ ಮೇಲೆ ಟೈಲ್ಸ್ ನೋಡಿ: ಒದ್ದೆ ಪಾದದ ಗುರುತು ಮೂಡಿದ್ದರೆ ಅಂಗಾಲು ಬೆವರಿದೆ ಅಂತ ಅರ್ಥ. ಪದೇ ಪದೇ ಮೂಗು ನೆಕ್ಕೋದು, ನಿದ್ದೆ ಇಲ್ಲದೆಯೂ ಆಕಳಿಸೋದು, ಕಣ್ಣಂಚಿನ ಬಿಳಿ ಕಾಣೋದು ಎಲ್ಲ ಭಯದ್ದೇ. ಎತ್ತೋದನ್ನ ಇವತ್ತೇ ನಿಲ್ಲಿಸಿ. ಅದೇ ಬಂದು ಒರಗಿದರೆ ಮಾತ್ರ ಧಾರಾಳವಾಗಿ ಸಮಾಧಾನ ಮಾಡಿ. ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತೆ ಅನ್ನೋದು ಸುಳ್ಳು.

ಮರಿಗಳು ಹೊಸದನ್ನು ಸುಲಭವಾಗಿ ಒಪ್ಪೋ ಕಾಲ ಸುಮಾರು 3ನೇ ವಾರದಿಂದ 14ನೇ ವಾರದವರೆಗೆ. ನಿಮ್ಮದು ಅದನ್ನು ದಾಟಿದೆ. ಹಾಗಂತ ಕೈ ಮೀರಿಲ್ಲ, ಒಂದೊಂದನ್ನೂ ಬಿಡಿಬಿಡಿಯಾಗಿ ಕಲಿಸಬೇಕಾಗುತ್ತೆ ಅಷ್ಟೇ. ತಿಂಗಳುಗಳ ಕೆಲಸ.

ಮೊದಲು ಜಾಗ. ಅಡುಗೆಮನೆ, ಮುಂಬಾಗಿಲು ಎರಡರಿಂದಲೂ ದೂರದ ಮೂಲೆಗೆ ಒಂದು ಟೇಬಲ್ ಹಾಕಿ, ಮೂರು ಕಡೆ ಬೆಡ್‌ಶೀಟ್ ಇಳಿಬಿಟ್ಟು, ಒಳಗೆ ಹಳೇ ಹೊದಿಕೆ ಹಾಸಿ. ಊಟದ ಬಟ್ಟಲನ್ನು ದಿನಾ ಸ್ವಲ್ಪ ಸ್ವಲ್ಪ ಆ ಕಡೆ ಸರಿಸಿ. ಅದು ಟೇಬಲ್ ಕೆಳಗೆ ತಾನಾಗಿ ಮಲಗೋಕೆ ಶುರು ಮಾಡಿದ ಮೇಲೇ ಸೋಫಾ ಕೆಳಗಿನ ಸಂದಿ ಮುಚ್ಚಿ. ಅಲ್ಲಿರುವಾಗ ಯಾರೂ ಕೈ ಹಾಕಬಾರದು, ಮಕ್ಕಳಂತೂ ಬೇಡವೇ ಬೇಡ. ಟೇಬಲ್‌ನಿಂದ ನೀರಿನವರೆಗೆ, ಅಲ್ಲಿಂದ ಪೇಪರ್ ಹಾಸಿದ ಜಾಗದವರೆಗೆ ಜಮಖಾನ ಅಥವಾ ಯೋಗಾ ಮ್ಯಾಟ್ ಹಾಕಿ. ಮಣ್ಣಿನ ನೆಲದ ಮರಿಗೆ ಟೈಲ್ಸ್ ಮೇಲೆ ಕಾಲು ಜಾರೋದೇ ಒಂದು ಭಯ. ಎಷ್ಟೋ ಮರಿಗಳು ಹೊರಗೆ ಬರದೇ ಇರೋದು ಮನುಷ್ಯರಿಗಲ್ಲ, ಈ ನೆಲಕ್ಕೆ ಹೆದರಿ.

ಆಮೇಲೆ ನೀವು. ಎರಡು ಮೀಟರ್ ದೂರದಲ್ಲಿ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತ್ಕೊಳ್ಳಿ, ದಿಟ್ಟಿಸಬೇಡಿ. ಉಪ್ಪು, ಈರುಳ್ಳಿ ಏನೂ ಹಾಕದೆ ಬೇಯಿಸಿದ, ಮೂಳೆ ತೆಗೆದ ಚಿಕನ್ ಕಡಲೆಕಾಳಿನ ಗಾತ್ರಕ್ಕೆ ಹರಿದಿಟ್ಟುಕೊಂಡು, ಒಂದೊಂದೇ ಚೂರನ್ನು ಮರಿಯ ಹಿಂದಕ್ಕೆ ಎಸೆಯಿರಿ. ಕೈಯಲ್ಲಿ ಹಿಡಿದು ಕರೆದರೆ ಆಸೆಗೆ ಹತ್ತಿರ ಬರುತ್ತೆ, ತಿಂದು ಮುಗಿಸಿ ತಲೆ ಎತ್ತಿದಾಗ ನೀವು ಎದುರಿಗೇ ಇರ್ತೀರ, ಬೆಚ್ಚಿ ಓಡುತ್ತೆ. ಹಿಂದಕ್ಕೆ ಎಸೆದರೆ ನಿಮ್ಮಿಂದ ದೂರವೂ ಸಿಕ್ಕಿತು, ತಿಂಡಿಯೂ ಸಿಕ್ಕಿತು. ಮತ್ತೆ ತಾನಾಗಿ ಎರಡು ಹೆಜ್ಜೆ ಮುಂದೆ ಬರುತ್ತೆ. ಐದು ನಿಮಿಷ ಸಾಕು, ದಿನಕ್ಕೆ ನಾಲ್ಕೈದು ಸಲ. ಬಾಯಿಗೇ ತಗೊಳ್ಳದಿದ್ದರೆ ನೀವು ತೀರಾ ಹತ್ತಿರ ಇದ್ದೀರ, ಹಿಂದೆ ಸರಿಯಿರಿ.

ಉಚ್ಚೆಗೆ ಬೈಬೇಡಿ, ಅದು ಶರಣಾಗತಿ. ಮೇಲಿಂದ ಬಗ್ಗೋದು ನಿಲ್ಲಿಸಿದರೆ ಅರ್ಧ ಕಡಿಮೆಯಾಗುತ್ತೆ.

ಗರದಂಟು:
ಬೆಲ್ ಸದ್ಯಕ್ಕ ಬಂದ್ ಮಾಡ್ರಿ. ಗೇಟಿಗೆ ಬಂದಾಗ ಒಂದು ಮಿಸ್ಡ್ ಕಾಲ್ ಕೊಡು ಅಂತ ಮಾವಶಿಗೆ ಹೇಳ್ರಿ. ಒಳಗ ಬಂದ ಮ್ಯಾಲೆ ಮರಿ ಕಡೆ ನೋಡೂದು ಬ್ಯಾಡ, ಮಾತಾಡ್ಸೂದು ಬ್ಯಾಡ, ಹೋಗೂಮುಂದ ನಾಲ್ಕು ಚೂರು ಚಿಕನ್ ದೂರದಿಂದ ಒಗದು ಹೋಗ್ಲಿ.

ಕುಕ್ಕರಿಗೂ ಮಿಕ್ಸರಿಗೂ ಒಂದs ನಿಯಮ: ಸಪ್ಪಳ ಮದಲ, ತಿನ್ನೂದು ಆಮ್ಯಾಲ. ಕುಕ್ಕರ್ ಶಿಟ್ಟಿ ಆತು, ಒಂದು ಸೆಕೆಂಡಿನ್ಯಾಗ ಚಿಕನ್ ಬಿತ್ತು. ಚಿಕನ್ ತೋರಿಸಿ ಆಮ್ಯಾಲ ಮಿಕ್ಸರ್ ಹಚ್ಚಿದ್ರ, ನಾಳಿಂದ ಚಿಕನ್ ಕಂಡ್ರ ಓಡ್ತದ. ಭಾಳ ಮಂದಿ ತಪ್ಪೂದು ಇಲ್ಲೇ.

ಢೋಲಿನ ರೆಕಾರ್ಡ್ ಹಚ್ಚಿ ರೂಢಿ ಮಾಡ್ಸೂದು ಈಗs ಚಾಲೂ ಮಾಡ್ರಿ. ಫೋನ್ ಸ್ಪೀಕರಿನ್ಯಾಗ ಢೋಲಿನ ದಪ್ಪ ದನಿ ಬರಂಗಿಲ್ಲ, ಬ್ಲೂಟೂತ್ ಸ್ಪೀಕರ್ ಬೇಕು. ಕಿವಿ ಅಳ್ಳಾಡಿಸಿದ್ರೂ ತಿನ್ನೂದು ನಿಲ್ಲಸಬಾರದು, ಅಷ್ಟs ಸಣ್ಣ ಆವಾಜ್, ಮೂರ್ನಾಕು ನಿಮಿಷ. ತಿನ್ನೂದು ಬಿಡ್ತು ಅಂದ್ರ ಹೆಚ್ಚಾತು. ಆದ್ರೂ ಖರೇ ಢೋಲು ಕಿಡಕಿ ಗಾಜು ನಡಗಸ್ತದ, ಅದು ರೆಕಾರ್ಡಿನ್ಯಾಗ ಇರೂದಿಲ್ಲ. ರೆಕಾರ್ಡಿಗೆ ಹೊಂದಿಕೊಂಡದ ಅಂತ ಸೀದಾ ನದಿ ದಂಡಿಗೆ ಒಯ್ಯಬ್ಯಾಡ್ರಿ.

ಸೂಜಿಮದ್ದು:
ಅಂಜುಬುರುಕ ಮರಿ ಅಂತ ಕಾಯಿಲೆಯನ್ನು ಕಡೆಗಣಿಸಬೇಡಿ. ರಾತ್ರಿಯೂ ಸೇರಿ ಇಡೀ ದಿನ ತಿನ್ನದಿದ್ದರೆ, ವಾಂತಿ ಅಥವಾ ರಕ್ತಭೇದಿ ಆದರೆ ಅದೇ ದಿನ ಡಾಕ್ಟರ ಹತ್ತಿರ ಒಯ್ಯಿರಿ; ಒಂದೇ ಡೋಸ್ ಆದ ಮರಿಗೆ ಪಾರ್ವೋ (ಕರುಳಿಗೆ ಬರೋ ಮಾರಕ ವೈರಸ್ ರೋಗ) ಬರಬಹುದು. ಎರಡನೇ ಡೋಸ್ ಮೊದಲನೆಯದಾದ 3-4 ವಾರಕ್ಕೆ. ವಯಸ್ಸು ಮೂರು ತಿಂಗಳು ದಾಟಿರೋದರಿಂದ ರೇಬೀಸ್ ಕೂಡ ಹಾಕಿಸಬಹುದು. ಮಳೆಗಾಲ, ಇಲಿ ಓಡಾಡೋ ಕಾಂಪೌಂಡು. ಇಲಿ ಉಚ್ಚೆಯಿಂದ ಹರಡೋ ಲೆಪ್ಟೋ (ಇಲಿಜ್ವರ) ಲಸಿಕೆ ಬಗ್ಗೆಯೂ ಕೇಳಿ. ಜಂತಿನ ಔಷಧಿ ತೂಕ ನೋಡಿಯೇ ಕೊಡಿಸಿ.

ಎರಡನೇ ಡೋಸ್ ಆಗಿ ಒಂದು ವಾರ ಕಳೆಯೋವರೆಗೂ ಬೀದಿನಾಯಿಗಳು ಓಡಾಡೋ ಕಡೆ ನೆಲಕ್ಕೆ ಬಿಡಬೇಡಿ, ಬಾಲ್ಕನಿಯಿಂದ ರಸ್ತೆ ನೋಡಲಿ. ಗ್ರಿಲ್ ಸಂದಿಯಲ್ಲಿ ತಲೆ ತೂರದ ಹಾಗೆ ಬಲೆ ಕಟ್ಟಿ. ಹೊರಡುವಾಗ ಹಾರ್ನೆಸ್ (ಎದೆಗೆ ಕಟ್ಟೋ ಪಟ್ಟಿ) ಒಂದೇ ನಂಬಬೇಡಿ: ಬೆಚ್ಚಿದ ಮರಿ ಹಿಂದಕ್ಕೆ ಜಗ್ಗಿ ಎರಡು ಸೆಕೆಂಡಲ್ಲಿ ಕಳಚಿಕೊಳ್ಳುತ್ತೆ. ಹಾರ್ನೆಸ್‌ಗೆ ಒಂದು ಲೀಶ್, ಎಳೆದಾಗ ಬಿಗಿಯಾಗೋ ಮಾರ್ಟಿಂಗೇಲ್ ಕಾಲರ್‌ಗೆ ಇನ್ನೊಂದು. ಎರಡನ್ನೂ ಮೊದಲು ಮನೆಯಲ್ಲೇ ಊಟದ ಹೊತ್ತಿಗೆ ಹಾಕಿ ರೂಢಿ ಮಾಡಿಸಿ. ಜನರಿಲ್ಲದ ಬೆಳಗಿನ ಜಾವ ಇಳಿಯಿರಿ. ಲಿಫ್ಟ್ ಬೇಡ ಅಂತ ಸೊಸೈಟಿಯವರು ತಕರಾರು ತೆಗೆದರೆ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ನಿಮ್ಮ ಪರವಾಗಿದೆ.

ಮುಠಾತೀರ:
ತುಂಬಾ ಉಪಕಾರ. ಜೊತೆಗೆ ಇನ್ನೊಂದು ಮರಿ ತಂದರೆ ಧೈರ್ಯ ಬರುತ್ತಾ? ವಿಸರ್ಜನೆ ದಿನ ಏನು ಮಾಡೋದು?

ಬಾಲಬೋಧೆ:
ಇನ್ನೊಂದು ಮರಿ ಬೇಡ. ಎರಡೂ ಒಂದಕ್ಕೊಂದು ಅಂಟಿಕೊಂಡು ನಿಮ್ಮನ್ನು ಕೇಳೋದೇ ಇಲ್ಲ. ಪರಿಚಯದವರ ಮನೆಯಲ್ಲಿ ಲಸಿಕೆಯಾದ, ಶಾಂತ ಸ್ವಭಾವದ ದೊಡ್ಡ ನಾಯಿ ಇದ್ದರೆ ವಾರಕ್ಕೆರಡು ಸಲ ಕರೆಸಿ. ಅದು ಜನರ ಹತ್ತಿರ ಹೋಗೋದನ್ನ ನೋಡಿ ಮರಿ ಕಲಿಯುತ್ತೆ.

ಪುಣೆಯ ಮೆರವಣಿಗೆ ಒಂದು ಹಗಲು ಒಂದು ರಾತ್ರಿಗೂ ಮೀರುತ್ತೆ, ಹಾಗಾಗಿ ತಯಾರಿ ಹಿಂದಿನ ದಿನದಿಂದಲೇ. ಢೋಲ್ ಶುರುವಾಗೋ ಮುಂಚೆ ಉಣಿಸಿ, ಉಚ್ಚೆ-ಕಕ್ಕಸು ಮುಗಿಸಿ, ರಸ್ತೆಯ ಕಡೆಗಿಲ್ಲದ ಕೋಣೆಯಲ್ಲಿ ಕಿಟಕಿ ಮುಚ್ಚಿ ಫ್ಯಾನ್ ಜೋರು ಮಾಡಿ, ಒಬ್ಬರು ಜೊತೆಗೇ ಇರಿ. ಆರತಿಗೆ ಜನ ಬಂದು ಹೋಗೋ ಮನೆಯಾದರೆ ಕೋಣೆಯ ಚಿಲಕ ಹಾಕಿಯೇ ಇರಲಿ, ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ. ಪ್ರಾಕ್ಟೀಸ್ ಸದ್ದಿಗೇ ಗಂಟೆಗಟ್ಟಲೆ ನಡುಗಿದರೆ, ಭಯ ತಗ್ಗಿಸೋ ಮಾತ್ರೆ ಬಗ್ಗೆ ಡಾಕ್ಟರನ್ನು ಈಗಲೇ ಕೇಳಿ. ಬರೀ ಮಂಪರು ತರಿಸೋದು ಸಾಲದು, ಮೈ ಸೋತು ಬಿದ್ದಿದ್ದರೂ ಒಳಗಿನ ಭಯ ಹಾಗೇ ಇರುತ್ತೆ. ಯಾವುದೇ ಆದರೂ ಸದ್ದಿಲ್ಲದ ಒಂದು ದಿನ ಮೊದಲೇ ಕೊಟ್ಟು, ಅದರ ಮೈಗೆ ಹೇಗಾಗುತ್ತೆ ಅಂತ ನೋಡಿಕೊಂಡಿರಿ.