ಅಜ್ಜನ ಮಂಚ, ಮೊಮ್ಮಗನ ಗಿಟಾರ್

ಮೊನ್ನೆ ರಾತ್ರಿ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಸಣ್ಣತ್ತೆ ಒಂದು ಫಾರ್ವರ್ಡ್ ಹಾಕಿದರು: ‘ಎಚ್ಚರ! ಬೀಟೆ ಮರದ ಗಿಟಾರ್ ವಿಮಾನದಲ್ಲಿ ಒಯ್ದರೆ ಜಪ್ತಿ, ಜೈಲು!’ ಅವರ ಮೊಮ್ಮಗ ಮುಂದಿನ ತಿಂಗಳು ಗಿಟಾರ್ ಸಮೇತ ಜರ್ಮನಿಗೆ ಓದಲು ಹೊರಟಿದ್ದಾನೆ. ಗಾಬರಿ ಆಗದೆ ಇರುತ್ತಾ?

ಬೆಂಗಳೂರಿನ ಭಾವ: ‘ಇದನ್ನ ಹೇಳಿದ್ದು ಯಾರು? ಲಿಂಕ್ ಎಲ್ಲಿ?’

ಸಣ್ಣತ್ತೆ: ‘ಎಲ್ಲದಕ್ಕೂ ಲಿಂಕ್ ಕೇಳಬೇಡ. ಕೊರೋನಾ ಕಷಾಯಕ್ಕೂ ಹೀಗೇ ಅಂದಿದ್ದೆ.’

ದೊಡ್ಡಪ್ಪ: ‘ಮರ ಕಡಿದು ಮೋಜು ಮಾಡುವುದೇ ತಪ್ಪು. ನಾವೆಲ್ಲ ಮರಕ್ಕೆ ಕೈ ಮುಗಿದು ಕೊಡಲಿ ಎತ್ತುತ್ತಿದ್ದೆವು.’

ಶಿರಸಿಯ ಅಣ್ಣ ಅಜ್ಜನ ಬೀಟೆ ಮಂಚದ ಫೋಟೋ ಹಾಕಿದ: ‘ರಜೆಯಲ್ಲಿ ಇದರ ಮೇಲೆ ಐದು ಜನ ಅಡ್ಡಡ್ಡ ಮಲಗ್ತಿದ್ವಿ, ನೆನಪಿದೆಯಾ?’

ಚಿಕ್ಕಮ್ಮ: ‘ನೆನಪಿದೆ. ಹಿಸ್ಸೆ ಆದಾಗ ಅದು ಯಾರ ಮನೆ ಸೇರಿತು ಅನ್ನೋದೂ ನೆನಪಿದೆ.’

ಗಿಟಾರ್ ಮೂಲೆ ಸೇರಿತು. ನನಗೆ ಸುಮ್ನೆ ಇರಲು ಆಗಲಿಲ್ಲ. ಇಪ್ಪತ್ತು ವರ್ಷದಿಂದ ನಾನು ನುಡಿಸುವ ಗಿಟಾರ್‌ನ ಫಿಂಗರ್‌ಬೋರ್ಡ್, ಅಂದರೆ ಕತ್ತಿನ ಮೇಲೆ ತಂತಿಯಡಿ ಬೆರಳೊತ್ತುವ ಪಟ್ಟಿ, ಬೀಟೆಯದು. ತಂತಿ ಬದಲಿಸುವಾಗ ಎಣ್ಣೆ ಒರೆಸಿದರೆ ಕಂದು ಮೈಯಲ್ಲಿ ನೇರಳೆ ಗೆರೆ ಏಳುತ್ತವೆ. ನಮ್ಮ ಪಶ್ಚಿಮ ಘಟ್ಟದ ಮರ ಅದು. ಕೊಯ್ಯುವಷ್ಟು ದಪ್ಪ ಆಗಲು ಒಂದು ತಲೆಮಾರು ಸಾಲದು. ಉದ್ದಕ್ಕೇ ಬರೆದೆ:

‘ಅತ್ತೆ, ಇದು ಹಳೇ ಸುದ್ದಿ, ಅದೂ ಅರ್ಧ. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಸೈಟಿಸ್ ಅಂತ ದೇಶದೇಶಗಳ ಒಪ್ಪಂದ ಇದೆ. ಬ್ರೆಜಿಲ್‌ನ ಬೀಟೆಗೆ 1992ರಿಂದಲೇ ಅತಿ ಬಿಗಿ ನಿಯಮ. 2017ರ ಜನವರಿ 2ರಿಂದ ನಮ್ಮ ಬೀಟೆಯೂ ಸೇರಿ ಬೀಟೆಗಳ ಇಡೀ ಡಾಲ್ಬರ್ಜಿಯಾ ಕುಲ ಆ ಒಪ್ಪಂದದ ಪಟ್ಟಿಗೆ ಬಂತು. ಮಾರಾಟಕ್ಕೆ ಗಡಿ ದಾಟುವ ಬೀಟೆಯ ಗಿಟಾರ್‌ಗೆಲ್ಲ ಕಾಗದಪತ್ರ ಬೇಕಾಯಿತು. ಫೆಂಡರ್ ಕಂಪನಿ ಮೆಕ್ಸಿಕೋದಲ್ಲಿ ಮಾಡುವ ಗಿಟಾರ್‌ಗಳಿಗೆ ಬೀಟೆ ಬಿಟ್ಟು ಪಾವ್ ಫೆರೋ ಮರ ಹಾಕಿತು. 2019ರ ನವೆಂಬರ್ 26ರಿಂದ, ಬ್ರೆಜಿಲ್‌ನದೊಂದು ಬಿಟ್ಟು, ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ದಿಮ್ಮಿ, ಹಲಗೆಗೆ ಈಗಲೂ ಪರವಾನಗಿ ಬೇಕು. ಸ್ವಂತಕ್ಕೆ ನುಡಿಸಲು ಒಯ್ಯುವ ನಮ್ಮ ಬೀಟೆಯ ಗಿಟಾರ್‌ಗೆ 2017ರಲ್ಲೂ ತಡೆ ಇರಲಿಲ್ಲ. ಅದರಲ್ಲಿನ ಬೀಟೆ 10 ಕಿಲೋ ಮೀರದಿದ್ದರೆ ಸಾಕಿತ್ತು.

ದೊಡ್ಡಪ್ಪ, ಇಷ್ಟು ಬಿಗಿ ಮಾಡಬೇಕಾಗಿ ಬಂದದ್ದು ಗಿಟಾರ್‌ನಿಂದಲ್ಲ, ಮುಖ್ಯವಾಗಿ ಚೀನಾದಲ್ಲಿ ದುಬಾರಿ ಮಂಚ, ಕುರ್ಚಿ, ಬೀರುಗಳಿಗೆ ಇರುವ ಬೇಡಿಕೆಯಿಂದ. ಒಂದು ಜಾತಿಗೆ ತಡೆ ಹಾಕಿದರೆ ಅದೇ ಮರ ಇನ್ನೊಂದರ ಹೆಸರಲ್ಲಿ ಹೋಗುತ್ತಿತ್ತು. ಕೊಯ್ದ ಹಲಗೆ ನೋಡಿ ಜಾತಿ ಹೇಳುವುದು ಕಸ್ಟಮ್ಸಿನವರಿಗೆ ಕಷ್ಟ ಅಲ್ವಾ? ಫಿಂಗರ್‌ಬೋರ್ಡಿಗೆ ಬೇಕಾದದ್ದು ಒಂದೂವರೆ ಅಡಿ ಉದ್ದದ, ಕಾಲಿಂಚು ದಪ್ಪದ ಪಟ್ಟಿ. ಅಜ್ಜನ ಮಂಚದ ಒಂದೇ ಕಾಲಿನಲ್ಲಿ ಅಂಥ ಆರೇಳು ಆದಾವು.’

ಶಿರಸಿಯ ಅಣ್ಣ: ‘ಮಂಚದ ಕಾಲು ಕೊಯ್ಯುವ ಮಾತು ಯಾಕೆ ಬಂತು?’

ಚಿಕ್ಕಮ್ಮ: ‘ಇಟ್ಟುಕೊಂಡವರಿಗೇ ಚುಚ್ಚಿತು ನೋಡಿ.’

ಭಾವ: ‘ಲಿಂಕ್?’

ಹನ್ನೊಂದು ಗಂಟೆಗೆ ಅತ್ತೆ ನನಗೊಬ್ಬನಿಗೇ ಬರೆದರು: ‘ಹಾಗಾದರೆ ಒಯ್ಯಬಹುದಾ?’ ಧಾರಾಳವಾಗಿ ಒಯ್ಯಲಿ ಅಂದೆ. ಯಾವ ಮರ ಅಂತ ಬರೆದಿರುವ ಅಂಗಡಿಯ ರಸೀದಿ ಇದ್ದರೆ ಗಿಟಾರ್ ಪೆಟ್ಟಿಗೆಯಲ್ಲೇ ಇಡಲು ಹೇಳಿದೆ. ಗುಂಪಿನಲ್ಲಿ ಆಗಲೂ ಮಂಚದ್ದೇ ಮಾತು.