ಕಟ್ಟಿದರು, ಕಟ್ಟಿಸಿದರು, ನಡುವಿನವರಿಗೆ ಏನನ್ನೋಣ? ಬರ್ನಮ್ ಮತ್ತು ರೂಟ್ ಕಟ್ಟಡಗಳ ಬಗ್ಗೆ ಬರೆಯಲು ಪದ ಬೇಕು

ಗೆಳೆಯರೇ,

ಶಿಕಾಗೊದ ಹಳೆಯ ಕಟ್ಟಡಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಡೇನಿಯಲ್ ಬರ್ನಮ್ ಮತ್ತು ಜಾನ್ ರೂಟ್ ಎಂಬ ಇಬ್ಬರು 1873ರಲ್ಲಿ ಅಲ್ಲಿ ಜೊತೆಯಾಗಿ ಕಟ್ಟಡಗಳನ್ನು ಯೋಜಿಸುವ ಒಂದು ಕಚೇರಿ ತೆರೆದರು. ಅದಕ್ಕೆ ಎರಡು ವರ್ಷ ಮುಂಚೆ ದೊಡ್ಡ ಬೆಂಕಿಗೆ ಊರಿನ ಬಹುಭಾಗ ಸುಟ್ಟುಹೋಗಿತ್ತು. 1891ರ ಜನವರಿಯಲ್ಲಿ ರೂಟ್ ನ್ಯುಮೋನಿಯಾದಿಂದ ತೀರಿಕೊಂಡ. ಆಗ ಅವನಿಗೆ 41 ವರ್ಷ. ಈ ಹದಿನೆಂಟು ವರ್ಷಗಳಲ್ಲಿ ಇಬ್ಬರೂ ಮಾಡಿದ ಕೆಲಸವೇ ನನ್ನ ಲೇಖನದ ವಿಷಯ. ಎರಡು ಪುಟ ಸರಾಗವಾಗಿ ಬಂತು. ಮೂರನೆಯದರಲ್ಲಿ ಹದಿನೈದು ದಿನದಿಂದ ನಿಂತಿದ್ದೇನೆ. ಕಾರಣ ಒಂದೇ ಒಂದು ಕ್ರಿಯಾಪದ.

ಈ ವಾಕ್ಯ ನೋಡಿ: "ಮೊನಾಡ್ನಾಕ್ ಕಟ್ಟಡವನ್ನು ಬರ್ನಮ್ ಮತ್ತು ರೂಟ್ ಕಟ್ಟಿದರು." ಓದಲು ಏನೂ ತೊಂದರೆ ಇಲ್ಲ. ಆದರೆ ಅವರು ಕಟ್ಟಲಿಲ್ಲ. ಇಟ್ಟಿಗೆ ಇಟ್ಟವರು, ಗಾರೆ ಕಲಸಿದವರು ಬೇರೆ ಜನ. ಸರಿ, "ಕಟ್ಟಿಸಿದರು" ಅನ್ನೋಣ ಅಂದರೆ ಅದೂ ತಪ್ಪು. ಕಟ್ಟಿಸಿದವರು ಬಾಸ್ಟನ್ನಿನ ಬ್ರೂಕ್ಸ್ ಅಣ್ಣತಮ್ಮಂದಿರು, ಪೀಟರ್ ಮತ್ತು ಶೆಫರ್ಡ್. ದುಡ್ಡು ಹಾಕಿದವರು ಅವರು. ನಮ್ಮ ಭಾಷೆಯಲ್ಲಿ "ಇಸು" ಅನ್ನುವ ಒಂದು ಸಣ್ಣ ತುಣುಕು ಎಷ್ಟು ಕೆಲಸ ಮಾಡುತ್ತದೆ ನೋಡಿ. ಕೆರೆ ಕಟ್ಟಿದವನು ಬೇರೆ, ಕಟ್ಟಿಸಿದವನು ಬೇರೆ. ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಆದರೆ ಇವರಿಬ್ಬರ ನಡುವೆ ನಿಂತು, ಕಟ್ಟಡ ಹೀಗಿರಲಿ ಅಂತ ಯೋಚಿಸಿ ಗೆರೆ ಎಳೆದ ಮೂರನೆಯವನಿಗೆ ಕ್ರಿಯಾಪದ ಎಲ್ಲಿದೆ?

"ವಿನ್ಯಾಸ ಮಾಡಿದರು" ಅಂತ ಬರೆದು ನೋಡಿದೆ. ತಪ್ಪೇನಲ್ಲ. ಆದರೆ ಸೀರೆಯ ಅಂಚಿಗೂ ವಿನ್ಯಾಸ, ಪುಸ್ತಕದ ಮುಖಪುಟಕ್ಕೂ ವಿನ್ಯಾಸ. ಓದುವವರಿಗೆ ಮೇಲ್ಮೈಯ ಚಂದ ಮಾತ್ರ ಹೊಳೆಯುತ್ತದೆ. "ನಕ್ಷೆ ಹಾಕಿದರು" ಅಂದರೆ ಕಾಗದದ ಕೆಲಸ ಅಷ್ಟೇ ಅನ್ನಿಸುತ್ತದೆ. ರೂಟ್ ಮಾಡಿದ್ದು ಅಷ್ಟೇ ಅಲ್ಲ. ಅವನ ಅರ್ಧ ಯೋಚನೆ ಮಣ್ಣಿನ ಕೆಳಗಿತ್ತು.

ಅದನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅಲ್ಲೇ ನನಗೆ ಒಂದು ಒಳ್ಳೆಯ ಪದ ಸಿಕ್ಕಿತು. ಶಿಕಾಗೊದ ನೆಲ ಮೆತ್ತನೆಯ ಜೇಡಿಮಣ್ಣು. ಗಟ್ಟಿ ಬಂಡೆ ತುಂಬ ಆಳದಲ್ಲಿದೆ. ಮೊದಲೆಲ್ಲ ಭಾರ ಹರಡಲಿ ಅಂತ ಕಂಬದ ಕೆಳಗೆ ಕಲ್ಲನ್ನು ಪಿರಮಿಡ್ಡಿನ ಹಾಗೆ ಪೇರಿಸುತ್ತಿದ್ದರು. ಅದು ನೆಲಮಾಳಿಗೆಯ ಜಾಗವನ್ನೆಲ್ಲ ತಿನ್ನುತ್ತಿತ್ತು. ಹತ್ತು ಅಂತಸ್ತಿನ ಮೊಂಟಾಕ್ ಕಟ್ಟಡದ ಕೆಲಸ 1882ರಲ್ಲಿ ನಡೆದಿದ್ದಾಗ ರೂಟ್ ರೈಲು ಹಳಿಗಳನ್ನು ಅಡ್ಡಡ್ಡ ಉದ್ದುದ್ದ ಜೋಡಿಸಿ, ಕಾಂಕ್ರೀಟಿನಲ್ಲಿ ಮುಚ್ಚಿ, ತೆಳುವಾದ ಹಾಸು ಮಾಡಿದ. ಕಟ್ಟಡದ ಭಾರ ಆ ಹಾಸಿನ ಮೇಲೆ ಕೂತು ಮಣ್ಣಿನ ಮೇಲೆ ಹರಡಿಕೊಳ್ಳುತ್ತದೆ. ಇಂಥ ತಳಪಾಯಕ್ಕೆ ಇಂಗ್ಲಿಷಿನಲ್ಲಿ ರಾಫ್ಟ್ ಅಂತಲೂ ಅನ್ನುತ್ತಾರೆ. ರಾಫ್ಟ್ ಅಂದರೆ ತೆಪ್ಪ ತಾನೇ? "ತೆಪ್ಪದ ಪಾಯ" ಅಂತ ಬರೆದೆ. ಬರೆದ ಕೂಡಲೇ ಚಿತ್ರ ಕಣ್ಣಿಗೆ ಬಂತು. ಹಳಿಗಳನ್ನು ಬೊಂಬಿನ ಹಾಗೆ ಅಡ್ಡಡ್ಡ ಕಟ್ಟಿದ್ದು, ಮೆತ್ತನೆಯ ನೆಲದ ಮೇಲೆ ತೇಲಿದಂತೆ ನಿಂತಿದ್ದು, ಎರಡೂ ಆ ಒಂದೇ ಪದದಲ್ಲಿ ಇವೆ. "ಅಡಿಪಾಯ" ಬಿಟ್ಟು "ಪಾಯ" ಅಂದದ್ದು ಬೇಕೆಂದೇ. ಮೇಸ್ತ್ರಿಗಳ ಬಾಯಲ್ಲಿ ಇರುವುದು ಅದೇ.

ಅಲ್ಲೇ ಇನ್ನೊಂದು ಕಡೆ ಎಡವಿದ್ದೆ. ಮೊನಾಡ್ನಾಕ್ 8 ಇಂಚು ಕೆಳಗಿಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ್ದರು. ಕೆಲವು ದಶಕಗಳಲ್ಲಿ ಅದು ಸುಮಾರು 20 ಇಂಚು ಇಳಿದಿತ್ತು. ನಾನು "ಕುಸಿದಿತ್ತು" ಅಂತ ಬರೆದಿದ್ದೆ. ಓದಿದ ಗೆಳತಿ ಗಾಬರಿಯಾಗಿ, "ಅಯ್ಯೋ, ಯಾರಿಗಾದರೂ ಪೆಟ್ಟಾಯಿತಾ?" ಎಂದಳು. ಕುಸಿಯುವುದು ಅಂದರೆ ಬೀಳುವುದೇ ಅಲ್ವಾ! ಈಗ "ಕೂತಿತ್ತು" ಅಂತ ತಿದ್ದಿದ್ದೇನೆ. ಹೊಸ ಮನೆಯ ನೆಲ ಸ್ವಲ್ಪ ಇಳಿದರೆ "ಮಣ್ಣು ಕೂತಿದೆ" ಅನ್ನುತ್ತೇವಲ್ಲ, ಅದೇ. ಕಟ್ಟಡ ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಈ ಮೂರನೆಯವನನ್ನು ಕರೆಯುವುದು ಹೇಗೆ?

"ವಾಸ್ತುಶಿಲ್ಪಿ" ಅಂತ ನಿಘಂಟಿನಲ್ಲಿದೆ, ಪತ್ರಿಕೆಗಳಲ್ಲೂ ಇದೆ. ನನಗೆ ಅದರ ಮೇಲೆ ಕೋಪವಿಲ್ಲ. ಆದರೆ ಇವತ್ತು "ವಾಸ್ತು" ಅಂದ ಕೂಡಲೇ ಜನರ ಮನಸ್ಸು ಈಶಾನ್ಯ ಮೂಲೆಗೆ ಹೋಗುತ್ತದೆ. "ಶಿಲ್ಪಿ" ಅಂದರೆ ಉಳಿ ಹಿಡಿದು ಕಲ್ಲು ಕೆತ್ತುವವನು. ಎರಡೂ ಸೇರಿ ರೂಟ್‌ನ ಚಿತ್ರ ಮೂಡುವುದಿಲ್ಲ.

ನನ್ನ ಮನಸ್ಸಿನಲ್ಲಿ ಕೂತಿರುವ ಪದ "ರೂವಾರಿ". ರೂಪಕಾರಿ ಎಂಬುದು ಕನ್ನಡದ ನಾಲಿಗೆಯಲ್ಲಿ ಸವೆದು ರೂವಾರಿ ಆಯಿತು. ರೂಪ ಕೊಡುವವನು. ಹೊಯ್ಸಳರ ಕಾಲದ ಶಾಸನಗಳಲ್ಲಿ ಇದು ಬರುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರೆಲ್ಲ ತಮ್ಮ ಹೆಸರನ್ನು ಕಲ್ಲಿನ ಮೇಲೆ ಬರೆದು ಹೋಗಿದ್ದಾರೆ. ಕಟ್ಟಿಸಿದ ದೊರೆಯ ಹೆಸರಿನ ಜೊತೆಗೇ ಮಾಡಿದವನ ಹೆಸರೂ ಉಳಿದಿದೆ. ನಡುವಿನ ಆ ಮೂರನೆಯವನಿಗೆ ನಮ್ಮಲ್ಲಿ ಆಗಲೇ ಗೌರವದ ಪದ ಇತ್ತು ಅಂತಾಯಿತು.

ತೊಡಕೂ ಇದೆ. ಇವತ್ತು ರೂವಾರಿ ಎಲ್ಲಿ ಸಿಗುತ್ತಾನೆ? "ಗೆಲುವಿನ ರೂವಾರಿ", "ಯೋಜನೆಯ ರೂವಾರಿ". ಇಷ್ಟಾದರೆ ಪರವಾಗಿಲ್ಲ. "ಸ್ಫೋಟದ ರೂವಾರಿ" ಅಂತಲೂ ಪತ್ರಿಕೆಗಳು ಬರೆಯುತ್ತವೆ. ಕಟ್ಟುವವನ ಹೆಸರು ಕೆಡವುವವನಿಗೆ ಹೋಗಿದೆ. ನನಗೆ ಅದು ನಿಜಕ್ಕೂ ನೋವಿನ ಸಂಗತಿ. ಪದವನ್ನು ಕಟ್ಟಡದ ಪಕ್ಕ ಮತ್ತೆ ಮತ್ತೆ ಇಟ್ಟರೆ ಹಳೆಯ ಅರ್ಥ ಮರಳಿ ಬರುತ್ತದೆ ಅಂತ ನನ್ನ ಆಸೆ. "ಮೊನಾಡ್ನಾಕ್ ಕಟ್ಟಡದ ರೂವಾರಿ ಜಾನ್ ರೂಟ್." ಕ್ರಿಯಾಪದ ಬೇಕಾದಲ್ಲಿ "ರೂಪಿಸಿದರು". ಬ್ರೂಕ್ಸ್ ಕಟ್ಟಿಸಿದರು, ರೂಟ್ ರೂಪಿಸಿದ, ಮೇಸ್ತ್ರಿಗಳು ಕಟ್ಟಿದರು. ಮೂರೂ ಸರಿಯಾಗಿ ಕೂರುತ್ತವೆ ಅಂತ ನನಗೆ ಅನ್ನಿಸುತ್ತದೆ. ನಿಮಗೆ?

ಹಾಗಾದರೆ ಬರ್ನಮ್ ಯಾರು? ಗಿರಾಕಿಗಳನ್ನು ತಂದವನು, ಜಾಗಕ್ಕೆ ಏನು ಹೊಂದುತ್ತದೆ ಅಂತ ಹೇಳಿದವನು, ಕಚೇರಿಯನ್ನು ನಡೆಸಿದವನು. ಅವನಿಲ್ಲದೆ ರೂಟ್‌ನ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತಿದ್ದವು. ಅಲ್ಲದೆ ಮೊನಾಡ್ನಾಕ್ ಅಷ್ಟು ಸರಳವಾಗಿರುವುದಕ್ಕೆ ಪೀಟರ್ ಬ್ರೂಕ್ಸ್‌ನ ಹಟವೂ ಕಾರಣ. ಗೋಡೆಯಿಂದ ಹೊರಗೆ ಚಾಚಿದ ಅಲಂಕಾರ ಯಾವುದೂ ಬೇಡ ಅನ್ನುವುದು ಅವನ ಷರತ್ತು. ರೂಟ್ ಆ ಷರತ್ತನ್ನೇ ಚೆಲುವಾಗಿ ಮಾಡಿದ. ಗೋಡೆ ಕೆಳಗೆ ಸ್ವಲ್ಪ ಅಗಲವಾಗಿ, ಮೇಲೆ ಹೋಗುತ್ತಾ ಒಳಸರಿದು, ತುದಿಯಲ್ಲಿ ಮತ್ತೆ ಮೆಲ್ಲಗೆ ಹೊರಬಾಗುತ್ತದೆ. ಆ ಬಾಗಿಗೆಂದೇ ಬೇರೆ ಅಚ್ಚಿನ ಇಟ್ಟಿಗೆ ಮಾಡಿಸಿದ್ದರು. ಹತ್ತಿರ ನಿಂತು ನೋಡಬೇಕು, ಫೋಟೊದಲ್ಲಿ ಅದು ತಿಳಿಯುವುದೇ ಇಲ್ಲ.

ಇನ್ನು ಗೋಡೆಯ ಮಾತು. ಇದು ನನ್ನ ಎರಡನೆಯ ಕಷ್ಟ.

ಮೊನಾಡ್ನಾಕ್ ಒಂದೇ ಕಟ್ಟಡದ ಹಾಗೆ ಕಂಡರೂ ಎರಡು ತುಂಡು. ಉತ್ತರದ ಅರ್ಧ ಬರ್ನಮ್ ಮತ್ತು ರೂಟ್ ಅವರದು, 1891ರಲ್ಲಿ ಮುಗಿಯಿತು. ಹದಿನಾರು ಅಂತಸ್ತು. ಹೊರಗಿನ ಇಟ್ಟಿಗೆ ಗೋಡೆಯೇ ಭಾರ ಹೊರುತ್ತದೆ, ಅದಕ್ಕೇ ಬುಡದಲ್ಲಿ 6 ಅಡಿ ದಪ್ಪ. ದಕ್ಷಿಣದ ಅರ್ಧ ಹೊಲಬರ್ಡ್ ಮತ್ತು ರೋಷ್ ಎಂಬ ಇನ್ನೊಂದು ಜೋಡಿಯದು, 1893ರದು. ಅಲ್ಲಿ ಭಾರ ಹೊರುವುದು ಉಕ್ಕು, ಗೋಡೆ ಬರೀ ಹೊದಿಕೆ. ಎರಡೇ ವರ್ಷದ ಅಂತರದಲ್ಲಿ ಕಟ್ಟುವ ರೀತಿಯೇ ಬದಲಾಗಿಬಿಟ್ಟಿದ್ದನ್ನು ಒಂದೇ ರಸ್ತೆಯಲ್ಲಿ ನಡೆಯುತ್ತಾ ನೋಡಬಹುದು. ಇದನ್ನು ಹೇಳಲು ನನಗೆ ಎದುರುಬದುರಾಗುವ ಎರಡು ಪದ ಬೇಕು.

ನಮ್ಮ ಊರುಗಳಲ್ಲಿ ಈ ಭೇದ ಎಲ್ಲರಿಗೂ ಗೊತ್ತು. ಮನೆ ಕಟ್ಟಿಸಲು ಹೊರಟರೆ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆಯೇ "ಪಿಲ್ಲರ್ ಹಾಕೋದಾ, ಲೋಡ್ ಬೇರಿಂಗಾ?" ಅಂತ. ಲೇಖನದಲ್ಲಿ ಒಂದು ಸಲ ಇದನ್ನೇ ಇಟ್ಟಿದ್ದೇನೆ, ಓದುವವರಿಗೆ ತಟ್ಟನೆ ಹೊಳೆಯಲಿ ಅಂತ. ಆದರೆ ಪುಟಗಟ್ಟಲೆ ಹೀಗೇ ಬರೆಯಲು ಮನಸ್ಸು ಒಪ್ಪಲಿಲ್ಲ. ಮೊದಲು "ಹೊರೆಗೋಡೆ" ಅಂತ ಮಾಡಿಕೊಂಡೆ, ಹೊರೆ ಹೊರುವ ಗೋಡೆ. ಎದುರಿಗೆ "ತೆರೆಗೋಡೆ", ತೆರೆಯ ಹಾಗೆ ಇಳಿಬಿಟ್ಟ ಗೋಡೆ. ಜೋಡಿ ಎಷ್ಟು ಚೆನ್ನಾಗಿದೆ ಅಂತ ಖುಷಿಪಟ್ಟೆ. ಮಾರನೆಯ ದಿನ ಓದಿದರೆ ನಾನೇ ಅದನ್ನು "ಹೊರಗೋಡೆ" ಅಂತ ಓದುತ್ತಿದ್ದೆ. ಒಂದು ಏತ್ವದ ಅಂತರ! ಅದೂ ಇಲ್ಲಿ ಹೊರೆಗೋಡೆ ಇರುವುದೇ ಹೊರಗೋಡೆಯಾಗಿ. ಓದುಗ ಖಂಡಿತ ತಪ್ಪುತ್ತಾನೆ. ಈಗ "ಭಾರದ ಗೋಡೆ" ಮತ್ತು "ತೆರೆಗೋಡೆ" ಅಂತ ಇಟ್ಟುಕೊಂಡಿದ್ದೇನೆ. ಜೋಡಿಯ ಚಂದ ಹೋಯಿತು, ಅರ್ಥ ಉಳಿಯಿತು.

ಉಕ್ಕಿನ ಆ ಒಳಕಟ್ಟಿಗೆ "ಅಸ್ಥಿಪಂಜರ" ಅಂತ ಬರೆದವರಿದ್ದಾರೆ. ನನಗೆ ಸತ್ತ ಮೇಲಿನ ಮಾತಿನ ಹಾಗೆ ಕೇಳಿಸುತ್ತದೆ. "ಚೌಕಟ್ಟು" ಅಂದರೆ ಬಾಗಿಲಿನದು, ಫೋಟೊದ್ದು. ನಾನು "ಹಂದರ" ಆರಿಸಿದೆ. ನೆಟ್ಟ ಕಂಬ, ಅಡ್ಡ ಗಳು, ಅದರ ಮೇಲೆ ಹಬ್ಬುವುದು ಮಲ್ಲಿಗೆಯೋ ಗೋಡೆಯೋ, ಭಾರವೆಲ್ಲ ಹಂದರದ್ದು. "ಉಕ್ಕಿನ ಹಂದರ, ಅದಕ್ಕೆ ತೆರೆಗೋಡೆ." ಬಳ್ಳಿಯ ಹಂದರ ನೆನೆದು ಉಕ್ಕಿಗೆ ಅದು ತೀರಾ ಹಗುರ ಅನ್ನಿಸಬಹುದು. ಆದರೆ ಹಗುರವಾಗಿದ್ದೇ ಅದರ ಹೊಸತನ ಅಲ್ವಾ?

ಮಹಡಿಯ ಲೆಕ್ಕದ ಬಗ್ಗೆ ಒಂದೇ ಮಾತು. ಅಮೆರಿಕದಲ್ಲಿ ನೆಲಮಟ್ಟದ್ದೇ ಒಂದನೆಯದು. ನಮ್ಮಲ್ಲಿ ಒಂದನೇ ಮಹಡಿ ಅಂದರೆ ಮೆಟ್ಟಿಲು ಹತ್ತಿದ ಮೇಲೆ. ಅದಕ್ಕೇ ಎಲ್ಲ ಕಡೆ "ಅಂತಸ್ತು" ಬಳಸಿದ್ದೇನೆ, ಅದರಲ್ಲಿ ನೆಲವೂ ಸೇರುತ್ತದೆ. ಕರಾವಳಿಯವರು "ಉಪ್ಪರಿಗೆ"ಯನ್ನು ಇನ್ನೂ ದಿನಬಳಕೆಯಲ್ಲಿ ಉಳಿಸಿಕೊಂಡಿದ್ದಾರೆ, ಕೇಳಲು ಎಷ್ಟು ಹಿತ. ಆದರೆ ಎಣಿಸಲು ಅದು ಒದಗುವುದಿಲ್ಲ.

ಇನ್ನೊಂದು ಪದವನ್ನು ನನಗೆ ಕೊಟ್ಟವರು ಅಮ್ಮ. ಅವರು ಶಿಕಾಗೊಗೆ ಬಂದಿದ್ದಾಗ ರೂಕರಿ ಎಂಬ ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದೆ. 1888ರದು, ಬರ್ನಮ್ ಮತ್ತು ರೂಟ್ ಅವರ ಸ್ವಂತ ಕಚೇರಿಯೂ ಅದರ ಮೇಲಂತಸ್ತಿನಲ್ಲೇ ಇತ್ತು. ಹೊರಗೆ ಕೆಂಪು ಕಲ್ಲು, ಇಟ್ಟಿಗೆ, ಭಾರವಾದ ಕಮಾನು. ಒಳಗೆ ಕಾಲಿಟ್ಟರೆ ನಡುವೆ ಬೆಳಕೋ ಬೆಳಕು. ನಾಲ್ಕೂ ಕಡೆ ಕಚೇರಿಗಳು, ನಡುವೆ ಖಾಲಿ ಬಿಟ್ಟ ಅಂಗಳ, ಅದರ ಕೆಳಭಾಗಕ್ಕೆ ಗಾಜಿನ ಚಾವಣಿ. ಕರೆಂಟ್ ದೀಪ ಇನ್ನೂ ಹೊಸದಾಗಿದ್ದ ಕಾಲ, ಒಳಗಿನ ಕೋಣೆಗಳಿಗೂ ಹಗಲ ಬೆಳಕು ಬೇಕಿತ್ತು. ಬಿಳಿ ಅಮೃತಶಿಲೆ, ಚಿನ್ನದ ಗೆರೆಗಳು 1905ರಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಎಂಬ ಇನ್ನೊಬ್ಬ ರೂವಾರಿ ಮಾಡಿದ ಬದಲಾವಣೆ. ನಾನು ಇದನ್ನೆಲ್ಲ ವಿವರಿಸುತ್ತಿದ್ದೆ. ಅಮ್ಮ ಮೇಲೆ ನೋಡಿ, "ತೊಟ್ಟಿ ಅನ್ನು, ಸಾಕು" ಎಂದರು. ಅವರು ಹುಟ್ಟಿದ್ದು ತೊಟ್ಟಿಮನೆಯಲ್ಲಿ. ನಾನು ಬರೆದಿದ್ದ "ಬೆಳಕಿನ ಅಂಗಣ"ವನ್ನು ಅವತ್ತೇ ಹೊಡೆದುಹಾಕಿದೆ. ಮಳೆ ಬೀಳುವುದಿಲ್ಲ, ಗಾಜು ಇದೆ, ಅದಕ್ಕೆ "ಗಾಜು ಹೊದಿಸಿದ ತೊಟ್ಟಿ".

ರೂಕರಿ ಎಂಬ ಹೆಸರನ್ನು ಅನುವಾದಿಸಬೇಕಾ ಅಂತಲೂ ಯೋಚಿಸಿದೆ. ಬೆಂಕಿ ಅನಾಹುತದ ಮೇಲೆ ಅದೇ ಜಾಗದಲ್ಲಿ ನಗರಸಭೆಗೆ ಒಂದು ತಾತ್ಕಾಲಿಕ ಕಟ್ಟಡ ಇತ್ತು. ಅಲ್ಲಿ ಹಕ್ಕಿಗಳು ಸೇರುತ್ತಿದ್ದವು. ಜನ ಅದನ್ನು ಕಾಗೆಗಳ ಬೀಡು ಅನ್ನುವ ಅರ್ಥದಲ್ಲಿ ರೂಕರಿ ಅಂದರು. ಹೊಸದು ಬಂದರೂ ಹೆಸರು ಬಿಡಲಿಲ್ಲ. ರೂಟ್ ಬಾಗಿಲಲ್ಲಿ ಕಾಗೆಜಾತಿಯ ಹಕ್ಕಿಗಳನ್ನೇ ಕೆತ್ತಿಸಿದ. ಕೊಕ್ಕರೆ ಬೆಳ್ಳೂರನ್ನು ಯಾರೂ ಬೇರೆ ಭಾಷೆಗೆ ತಿರುಗಿಸುವುದಿಲ್ಲ. ಇದನ್ನೂ ಹಾಗೇ ಬಿಟ್ಟು, ಕಥೆಯನ್ನು ಮಾತ್ರ ಹೇಳಿದ್ದೇನೆ.

ಕೊನೆಯದಾಗಿ, ಈ ಎಲ್ಲ ಕಟ್ಟಡಗಳನ್ನೂ ಒಟ್ಟಾಗಿ ಏನನ್ನಬೇಕು? ಲೇಖಕನಾಗಿದ್ದರೆ "ಸಮಗ್ರ ಕೃತಿಗಳು" ಅನ್ನುತ್ತಿದ್ದೆವು. ಕೃತಿ ಅಂದರೆ ಪುಸ್ತಕ, ಇಲ್ಲವೇ ತ್ಯಾಗರಾಜರದು. ಕಟ್ಟಡಕ್ಕೆ ಒಗ್ಗುತ್ತಾ? ಅಲ್ಲದೆ ಇಲ್ಲಿ ಸಮಗ್ರ ಅನ್ನುವುದೇ ಉಳಿದಿಲ್ಲ. ಮೊಂಟಾಕ್ 1902ರಲ್ಲೇ ಹೋಯಿತು. ಇಪ್ಪತ್ತೊಂದು ಅಂತಸ್ತಿನ ಮೇಸಾನಿಕ್ ಟೆಂಪಲ್ ಅನ್ನು 1939ರಲ್ಲಿ ಕೆಡವಿದರು. ರಿಲಯನ್ಸ್ ಕಟ್ಟಡದ್ದು ಇನ್ನೂ ಕಷ್ಟ. ಅದೇ ಜಾಗದಲ್ಲಿದ್ದ ಹಳೆಯ ಕಟ್ಟಡದ ಮೇಲಿನ ಬಾಡಿಗೆದಾರರು ಜಾಗ ಬಿಡಲಿಲ್ಲ ಅಂತ ಅವರಿದ್ದ ಅಂತಸ್ತುಗಳನ್ನು ಜಾಕಿಯ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ರೂಟ್‌ನ ಹೊಸ ಬುಡ ಕೂರಿಸಿದರು. ರೂಟ್ ತೀರಿಕೊಂಡ ಮೇಲೆ, 1895ರಲ್ಲಿ, ಬರ್ನಮ್ ಕಚೇರಿಯ ಚಾರ್ಲ್ಸ್ ಅಟ್‌ವುಡ್ ಅದನ್ನು ಬಿಳಿ ಸುಡುಮಣ್ಣಿನ ಹೊದಿಕೆಯಲ್ಲಿ ಮುಗಿಸಿದ. ಆ ಹೊತ್ತಿಗೆ ಕಚೇರಿಯ ಹೆಸರೂ ಬದಲಾಗಿತ್ತು. ನ್ಯೂಯಾರ್ಕಿನ ಇಸ್ತ್ರಿಪೆಟ್ಟಿಗೆ ಆಕಾರದ ಫ್ಲಾಟ್‌ಐರನ್, 1902ರದು, ಅದೇ ಕಚೇರಿಯದು, ಆದರೆ ರೂಟ್‌ನದಲ್ಲ. ಹೀಗಿರುವಾಗ "ಬರ್ನಮ್ ಮತ್ತು ರೂಟ್ ಕೈಯ ಕಟ್ಟಡಗಳು" ಅಂತ ಸುಮ್ನೆ ಬರೆದುಬಿಡಲಾ? "ಇದು ಯಾರ ಕೈಕೆಲಸ" ಅನ್ನುವಾಗಿನ ಕೈ ಅದು. ರಿಲಯನ್ಸ್‌ಗೆ "ಎರಡು ಕೈ ಬಿದ್ದಿದೆ" ಅಂತಲೂ ಹೇಳಬಹುದು.

ನನ್ನ ಪ್ರಶ್ನೆ ಮೂರು. ರೂವಾರಿಯನ್ನು ಕಟ್ಟಡಕ್ಕೆ ಮರಳಿ ತಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಭಾರ ಹೊರುವ ಗೋಡೆಗೆ, ಪಿಲ್ಲರ್ ಬರುವ ಮುಂಚೆ, ನಿಮ್ಮ ಸೀಮೆಯ ಮೇಸ್ತ್ರಿಗಳು ಬೇರೆ ಹೆಸರು ಹೇಳುತ್ತಿದ್ದರಾ? ರಿಲಯನ್ಸ್‌ನಲ್ಲಿ ಗೋಡೆಯಿಂದ ರಸ್ತೆಯ ಕಡೆಗೆ ಉಬ್ಬಿಕೊಂಡ ಕಿಟಕಿಗಳ ಸಾಲಿದೆ, ಅದಕ್ಕೆ "ಮುಂಚಾಚು ಕಿಟಕಿ" ಅಂದಿದ್ದೇನೆ. ಧಾರವಾಡದ ಕಡೆಯವರು, ಮೈಸೂರಿನ ಹಳೆಯ ಬಂಗಲೆಗಳಲ್ಲಿ ಬೆಳೆದವರು ಇದನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ? ಅಜ್ಜಿ ತಾತಂದಿರನ್ನು ಕೇಳಿ ಬರೆದರೂ ಆಗುತ್ತದೆ. ಮೂರನೇ ಪುಟ ಕಾಯುತ್ತಿದೆ.