ಕಡಲ ದಂಡೆಯ ಟೆಂಟ್ ರಜೆ: ಒಂದೇ ಕಡೆ ಬಿಡಾರವಾ, ದಿನಾ ಊರು ಬದಲಿಸುವುದಾ?

ಹೊಸಬ: ಆರು ದಿನ ರಜೆ ಇದೆ. ಕಾರಿನಲ್ಲಿ ಹೋಗಿ ಟೆಂಟ್ ಹಾಕಿಕೊಂಡು ಕಡಲ ಪಕ್ಕದ ಸಣ್ಣ ಊರು, ಹಳ್ಳಿಗಳನ್ನು ನೋಡಬೇಕು. ಜೊತೆಗೆ ಇಬ್ಬರು ಮಕ್ಕಳು. ಒಂದೇ ಕಡೆ ಉಳಿದು ಸುತ್ತುವುದಾ, ದಿನಾ ಜಾಗ ಬದಲಿಸುವುದಾ? ಅನುಭವ ಇದ್ದವರು ಹೇಳಿ.

ಗೂಟದ ಮೇಷ್ಟ್ರು: ದಿನಾ ಬದಲಿಸುವ ಹುಚ್ಚು ಬೇಡ. ನಾವು ಐದು ರಾತ್ರಿಗೆ ಐದು ಜಾಗ ಅಂತ ಹೊರಟೆವು. ಬಿಚ್ಚಲು ಒಂದೂವರೆ ಗಂಟೆ, ಹಾಕಲು ಎರಡು. ಬೆಳಿಗ್ಗೆ ಒದ್ದೆ ಟೆಂಟನ್ನು ಹಾಗೇ ಸುತ್ತಿ ಡಿಕ್ಕಿಗೆ ತುರುಕಿ, ಸಂಜೆ ಬಿಚ್ಚಿದರೆ ಮುಗ್ಗಲು ವಾಸನೆ. ಮೂರನೇ ದಿನ ಜಿಪ್ ಕೈಕೊಟ್ಟಿತು. ಹಲ್ಲಿನ ತುಂಬ ಉಪ್ಪು, ಮರಳು. ಜಿಪ್ ಬದಲಿಸಲು ಟೆಂಟಿನ ಬೆಲೆಯ ಮೂರನೇ ಒಂದು ಭಾಗ ಕೇಳಿದರು! 14 ಗೂಟ ಒಯ್ದಿದ್ದೆ, ವಾಪಸ್ ಬಂದದ್ದು 5. ಐದು ಊರಲ್ಲಿ ನೆನಪಿರುವುದು ಏನು ಅಂದರೆ, ಪಾರ್ಕಿಂಗ್ ಹುಡುಕಿದ್ದು.

ಅಲೆಮಾರಿ ಅಕ್ಕ: ನಾನು ಒಂದೇ ಕಡೆ ಉಳಿದು ಕೆಟ್ಟವಳು. ಇಡೀ ವಾರ ಒಂದೇ ಕ್ಯಾಂಪು, ದಿನಾ ಹೋಗಿ ಬರಲು 80 ಕಿಲೋಮೀಟರ್. ಕ್ಯಾಂಪಿನ ಬಾಡಿಗೆಗಿಂತ ಪೆಟ್ರೋಲ್ ಜಾಸ್ತಿ ಆಯಿತು. ಮೀನುಗಾರರ ಹಳ್ಳಿಗೆ ಜೀವ ಬರುವುದು ದೋಣಿಗಳು ದಡಕ್ಕೆ ಬರುವಾಗ. ನಾವು ಹತ್ತು ಗಂಟೆಗೆ ಹೋದರೆ ಒಣಗಲು ಹಾಕಿದ ಬಲೆ, ಮಲಗಿದ ನಾಯಿ, ಅಷ್ಟೇ. ಮರುವರ್ಷ ಎರಡೆರಡು ರಾತ್ರಿಯಂತೆ ಮೂರು ಹಳ್ಳಿ ಮಾಡಿದೆವು, ನಸುಕಿಗೇ ನಡೆದು ಹೋಗಿ ದಡದಲ್ಲಿ ನಿಂತೆವು. ಮತ್ತೆ ಮೇಷ್ಟ್ರೇ, ಟೆಂಟ್ ಹಾಕಲು ಎರಡು ಗಂಟೆ ಬೇಕಾದರೆ ತಪ್ಪು ಟೆಂಟಿನದಲ್ಲ.

ಗೂಟದ ಮೇಷ್ಟ್ರು: ಗಾಳಿಯಲ್ಲಿ ಹಾಕಿ ನೋಡಿದ್ದೀರಾ? ಮಧ್ಯಾಹ್ನ ನೆಲ ಕಾದು ಕಡಲ ಗಾಳಿ ಒಳಗೆ ನುಗ್ಗುವ ಹೊತ್ತಿಗೇ ಎಲ್ಲರೂ ಕ್ಯಾಂಪಿಗೆ ಬರುವುದು. ಸಡಿಲ ಮರಳಲ್ಲಿ ಸಣ್ಣ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕಾಲುದ್ದ ಹೂಳಬೇಕು. ಅನುಭವಿಸಿದವನಿಗೆ ಪಾಠ ಹೇಳಬೇಡಿ.

ಒಂಟಿ ಚಪ್ಪಲಿ: ನಿಮ್ಮ ಜಗಳ ಇರಲಿ, ನನ್ನ ಗೋಳು ಕೇಳಿ. ಸಂಜೆ ನೀರು ಮೂವತ್ತು ಹೆಜ್ಜೆ ದೂರ ಇತ್ತು, ಸುಮ್ನೆ ಅಲ್ಲೇ ಮರಳ ಮೇಲೆ ಮಲಗಿದೆವು. ಅವತ್ತು ಹುಣ್ಣಿಮೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ ಅನ್ನುವುದು ಯಾರಿಗೆ ನೆನಪಿತ್ತು! ಹೊತ್ತೂ ಅಷ್ಟೇ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಾನು ನಾಲ್ಕು ದಿನ ಹಿಂದಿನ ಲೆಕ್ಕ ಹಿಡಿದು ಕೂತಿದ್ದೆ. ರಾತ್ರಿ ಹಾಸಿಗೆಯೇ ತೇಲಿತು. ಸ್ಟೌ ಹೋಯಿತು, ಟಾರ್ಚ್ ಹೋಯಿತು, ಒಂದು ಚಪ್ಪಲಿ ಹೋಯಿತು. ಇನ್ನೊಂದನ್ನು ಯಾಕೋ ಇನ್ನೂ ಇಟ್ಟುಕೊಂಡಿದ್ದೇನೆ.

ಅಲೆಮಾರಿ ಅಕ್ಕ: ಒಣಗಿದ ಕಡಲಪಾಚಿಯ ಗೆರೆ ಕಾಣಲಿಲ್ವಾ? ನೀರು ಎಲ್ಲಿವರೆಗೆ ಬರುತ್ತದೆ ಅಂತ ಕಡಲೇ ಬರೆದಿಟ್ಟಿರುತ್ತದೆ.

ಒಂಟಿ ಚಪ್ಪಲಿ: ಕತ್ತಲಲ್ಲಿ ಓದಲು ಬರಲಿಲ್ಲ, ಕ್ಷಮಿಸಿ ತಾಯಿ.

ದಡ ಗುಡಿಸುವವ: ಮೇಷ್ಟ್ರ ಚೀಲದ ವಿಷಯಕ್ಕೆ ಬರೋಣ. ಹೂತ ಪ್ಲಾಸ್ಟಿಕ್ ಚೀಲವನ್ನು ಎಷ್ಟು ಜನ ವಾಪಸ್ ತೆಗೆಯುತ್ತಾರೆ? ಹೋದ ಸಲ ನಾನೇ ಹನ್ನೊಂದು ಅಗೆದು ತೆಗೆದೆ. ಇಂಥ ಸಲಹೆ ಕೊಡುವವರಿಗೆ ನಾಚಿಕೆ ಆಗಬೇಕು.

ಹೊಸಬ: ಎಲ್ಲರಿಗೂ ಧನ್ಯವಾದ. ಮಕ್ಕಳ ವಯಸ್ಸು ನಾಲ್ಕು, ಏಳು. ಅದಕ್ಕೆ ತಕ್ಕ ಹಾಗೆ ಯಾರಾದರೂ...

ಗೂಟದ ಮೇಷ್ಟ್ರು: ಪ್ಲಾಸ್ಟಿಕ್ ಅಂತ ನಾನು ಎಲ್ಲಿ ಬರೆದೆ? ತೋರಿಸಿ. ಬಟ್ಟೆ ಚೀಲ ಸ್ವಾಮಿ, ಬಟ್ಟೆ ಚೀಲ!